ಮೂವತ್ತೇಳು ಖಾಲಿ ಸಾಲುಗಳು

ಓಬಳೇಶನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವನ ಹೆಂಡತಿ ನಾಗವೇಣಿ, "ಆಫೀಸಲ್ಲಿ ಕೂತ್ಕಂಡು ಮೊಸರಲ್ಲಿ ಕಲ್ಲು ಹುಡುಕ್ತಾರೆ" ಎಂದು ಹೇಳಿ ನಗುತ್ತಿದ್ದಳು. ಮಾತು ತಮಾಷೆಯದಾದರೂ ಸುಳ್ಳೇನಲ್ಲ. ಚಳ್ಳಕೆರೆಯ ತಂಪು ಕೇಂದ್ರದಲ್ಲಿ ಅವನು ಪರೀಕ್ಷಕ. ಒಂದೇ ಮಾಹಿತಿ ಭಂಡಾರದಿಂದ ಎರಡು ತಂತ್ರಾಂಶಗಳು ತೆಗೆದುಕೊಟ್ಟ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಸಾಲಿಗೆ ಸಾಲು ತಾಳೆ ನೋಡಿ, ಇಲ್ಲಿರುವುದು ಅಲ್ಲಿ ಯಾಕಿಲ್ಲ ಎಂದು ಕೇಳುವುದು ಅವನ ಇಪ್ಪತ್ತು ವರ್ಷದ ಕಸುಬು. ಇಂಥವರನ್ನು ಯಾವ ಕಚೇರಿಯಲ್ಲೂ ಯಾರೂ ಹೆಚ್ಚು ಇಷ್ಟಪಡುವುದಿಲ್ಲ.

ಆ ಹೊತ್ತಿಗೆ ಬಯಲುಸೀಮೆಯ ಬೇಸಿಗೆ ನಲವತ್ತೊಂಬತ್ತು ಡಿಗ್ರಿ ಮುಟ್ಟುವುದು ಸುದ್ದಿಯಾಗಿ ಉಳಿದಿರಲಿಲ್ಲ. ಅರವತ್ತು ದಾಟಿದವರಿಗೆಲ್ಲ ಸರ್ಕಾರ ಒಂದೊಂದು ತಂಪಂಗಿ ಕೊಟ್ಟಿತ್ತು. ತೋಳಿಲ್ಲದ ಅಂಗಿ, ಅದರ ಪದರದೊಳಗೆ ಒಂದು ಬಗೆಯ ಉಪ್ಪು. ಬೆಳಿಗ್ಗೆ ಒಂದಿಷ್ಟು ವಿದ್ಯುತ್ ಕುಡಿಸಿದರೆ ಆ ಉಪ್ಪು ಸಂಜೆಯವರೆಗೆ ಮೈಯ ಕಾವನ್ನು ಹೀರಿಕೊಳ್ಳುತ್ತಿತ್ತು. ಆದರೆ ವಿದ್ಯುತ್ತು ಅಳೆದು ಹಂಚಬೇಕಾದಷ್ಟೇ ಇತ್ತು. ನಿನ್ನೆ ಯಾರ ಮೈ ಎಷ್ಟು ಕಾದಿತ್ತು, ಇವತ್ತು ಯಾರಿಗೆ ಎಷ್ಟು ತಂಪು ಬೇಕು ಎಂದು ಲೆಕ್ಕಹಾಕಿ ಕೇಂದ್ರವು ಬೆಳಿಗ್ಗೆ ಎಂಟಕ್ಕೆ ಜಿಲ್ಲೆಗೆಲ್ಲ ಒಂದು ಪಟ್ಟಿ ಕಳಿಸುತ್ತಿತ್ತು. ಪಟ್ಟಿಯಲ್ಲಿ ನಿಮ್ಮದೊಂದು ಸಾಲು ಇದ್ದರೆ ಅಂಗಿಯ ಎದೆಯ ಮೇಲೆ ಹಸಿರು ದೀಪ ಹತ್ತುತ್ತಿತ್ತು. ಇಲ್ಲದಿದ್ದರೆ ಅದು ಬರೀ ದಪ್ಪ ಬಟ್ಟೆ, ಉರಿಬಿಸಿಲಲ್ಲಿ ಕಂಬಳಿ ಹೊದ್ದ ಹಾಗೆ.

ಪಟ್ಟಿ ತೆಗೆಯುವ ಹಳೆಯ ತಂತ್ರಾಂಶ ಒಂದೇ ಜಾತಿಯ ಯಂತ್ರದ ಮೇಲೆ ಓಡುತ್ತಿತ್ತು, ಆ ಯಂತ್ರಗಳನ್ನು ಈಗ ಯಾರೂ ತಯಾರಿಸುತ್ತಿರಲಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಅದು ಎರಡು ತಾಸು ಕೈಕೊಟ್ಟಿತು. ಆ ದಿನ ಜಿಲ್ಲೆಯಲ್ಲಿ ಹತ್ತೊಂಬತ್ತು ಮುದುಕ ಮುದುಕಿಯರು ತೀರಿಕೊಂಡರು. ಕೇಂದ್ರದ ನಿರ್ದೇಶಕಿ ಫರೀದಾ ಮೇಡಂ ಹತ್ತೊಂಬತ್ತೂ ಮನೆಗಳಿಗೆ ತಾವೇ ಹೋಗಿ ಬಂದವರು. ಮುಂದಿನ ಬೇಸಿಗೆಗೆ ಈ ಯಂತ್ರವನ್ನು ನಂಬಿ ಕೂರುವುದಿಲ್ಲ ಎಂದು ಅಂದೇ ನಿರ್ಧರಿಸಿದ್ದರು. ಅಂಗಿಯ ಪುಟ್ಟ ಗಣಕದಲ್ಲೂ, ಕರೆಂಟು ಕೇಂದ್ರದ ಫಲಕದಲ್ಲೂ, ಆರೋಗ್ಯ ಕಾರ್ಯಕರ್ತೆಯರ ಮೊಬೈಲಿನಲ್ಲೂ, ಎಲ್ಲ ಬಗೆಯ ಯಂತ್ರಗಳಲ್ಲೂ ಒಂದೇ ತೆರನಾಗಿ ಓಡುವ ಹೊಸ ವರದಿ ತಂತ್ರಾಂಶ ಬೇಕಿತ್ತು. ಕೊನೆಯ ಸುತ್ತಿಗೆ ಉಳಿದದ್ದು ಎರಡು. ಒಂದರ ಹೆಸರು ಹಂಸ, ಇನ್ನೊಂದರದು ದರ್ಪಣ.

ಹಂಸ ಜಾಣ. ಎರಡೇ ನಿಮಿಷದಲ್ಲಿ ಪಟ್ಟಿ ತೆಗೆಯುತ್ತಿತ್ತು. ಹತ್ತು ವರ್ಷಗಳಿಂದ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮುದುಕರ ವಿವರಗಳನ್ನು ಧ್ವನಿಯಲ್ಲೇ ದಾಖಲಿಸಿಕೊಂಡು ಬಂದಿದ್ದರು. ಹಂಸ ಆ ಮಾತನ್ನೆಲ್ಲ ಕೇಳಿ, ಅರ್ಥಮಾಡಿಕೊಂಡು, ಬೇಡದ್ದನ್ನು ತೆಗೆದುಹಾಕಿ ಚೊಕ್ಕ ಮಾಡುತ್ತಿತ್ತು. ದರ್ಪಣಕ್ಕೆ ಅಂಥ ಬುದ್ಧಿಯಿಲ್ಲ. ಇದ್ದದ್ದನ್ನು ಇದ್ದ ಹಾಗೇ ತೆಗೆದುಕೊಂಡು, ಮೂಲದೊಂದಿಗೆ ಎರಡೆರಡು ಸಲ ತಾಳೆ ನೋಡಿ, ಇಪ್ಪತ್ತೆರಡು ನಿಮಿಷಕ್ಕೆ ಪಟ್ಟಿ ಕೊಡುತ್ತಿತ್ತು. ಆ ದಿನದ ವಿದ್ಯುತ್ತಿನ ಪಾಲು ಎಂಟಕ್ಕೆ ಎರಡು ನಿಮಿಷವಿರುವಾಗ ಮಾತ್ರ ತಿಳಿಯುತ್ತಿದ್ದರಿಂದ ಯಾವುದನ್ನೂ ಮುಂಚೆ ಶುರುಮಾಡುವಂತಿರಲಿಲ್ಲ. ಕೇಂದ್ರದಲ್ಲಿ ಎಲ್ಲರ ಮನಸ್ಸೂ ಹಂಸದ ಮೇಲಿತ್ತು. ಓಬಳೇಶನದು ಕೂಡ. ಸೋಮವಾರದಿಂದ ಕರಿಯೋಬನಹಟ್ಟಿಯ ಸುತ್ತಿನ ಹನ್ನೊಂದು ಹಳ್ಳಿಗಳಲ್ಲಿ ಹಂಸದ ಪಟ್ಟಿಯನ್ನೇ ನಿಜಕ್ಕೂ ಜಾರಿಗೆ ತಂದಿದ್ದರು. ಶುಕ್ರವಾರ ಆಯ್ಕೆಯ ಸಭೆ.

ಬುಧವಾರ ಬೆಳಿಗ್ಗೆ ಓಬಳೇಶ ಇಡೀ ಜಿಲ್ಲೆಯ ಪಟ್ಟಿಗಳನ್ನು ತಾಳೆಗೆ ಹಾಕಿದ. ಹಳೆಯದರಲ್ಲಿ ಎರಡು ಲಕ್ಷ ಹದಿನಾಲ್ಕು ಸಾವಿರದ ಒಂಬೈನೂರ ಆರು ಸಾಲು. ದರ್ಪಣದಲ್ಲೂ ಅಷ್ಟೇ. ಹಂಸದಲ್ಲಿ ಮೂವತ್ತೇಳು ಕಡಿಮೆ. ಯಾಕೆಂದು ಹಂಸವನ್ನೇ ಕೇಳಿದರೆ ಮೂವತ್ತೇಳಕ್ಕೂ ಒಂದೇ ಉತ್ತರ ಕೊಟ್ಟಿತು: ಖಾಲಿ ದಾಖಲೆ.

ಹಂಸದ ಕಂಪನಿಯಿಂದ ಬಂದು ಕೂತಿದ್ದ ಚಿನ್ಮಯ ಎಂಬ ಎಂಜಿನಿಯರು ಇದನ್ನು ಕೇಳಿ ಗಾಬರಿಯಾಗಲಿಲ್ಲ. ಹಳೆಯ ಭಂಡಾರಗಳಲ್ಲಿ ಇಂಥ ಕಸ ಇದ್ದೇ ಇರುತ್ತದೆ, ಹಂಸ ನೀರು ಬಿಟ್ಟು ಹಾಲು ಕೊಟ್ಟಿದೆ, ಹೆಸರಿಗೆ ತಕ್ಕ ಕೆಲಸ ಮಾಡಿದೆ ಎಂದ. ಒಳ್ಳೆಯ ಹುಡುಗ, ತನ್ನ ಯಂತ್ರದ ಬಗ್ಗೆ ಹೆತ್ತವರಿಗಿರುವಷ್ಟು ಹೆಮ್ಮೆ ಅವನಿಗೆ. ಓಬಳೇಶ ಹಳೆಯ ಪಟ್ಟಿಯಿಂದ ಆ ಮೂವತ್ತೇಳು ಸಾಲುಗಳನ್ನು ತೆಗೆದು ಅವನ ಮುಂದಿಟ್ಟ. ವಯಸ್ಸು ಇತ್ತು, ನಾಡಿಬಡಿತ ಇತ್ತು, ನಿನ್ನೆಯ ಮೈಕಾವು ಇತ್ತು.

"ಖಾಲಿ ಸಾಲಿಗೆ ಮೈ ಬಿಸಿ ಎಲ್ಲಿಂದ ಬಂತು ಸಾರ್?" ಎಂದು ಕೇಳಿದ.

ಚಿನ್ಮಯ ಸಾಲುಗಳನ್ನು ಮತ್ತೆ ಮೇಲಿನಿಂದ ಓದತೊಡಗಿದ. ಓಬಳೇಶನೂ ಪಕ್ಕದಲ್ಲಿ ಕೂತು ಓದಿದ. ಪರೀಕ್ಷೆಗೆ ಕೊಟ್ಟ ಪ್ರತಿಗಳಲ್ಲಿ ಯಾರ ಗುಟ್ಟೂ ಬಯಲಾಗದಿರಲೆಂದು ಹೆಸರುಗಳನ್ನು ಮರೆಮಾಡಿ ಬರೀ ಸಂಖ್ಯೆ ಬಿಟ್ಟಿದ್ದರು. ಊರು ಬೇರೆ, ವಯಸ್ಸು ಬೇರೆ, ಕಾಯಿಲೆ ಬೇರೆ. ಮೂವತ್ತೇಳೂ ಹೆಂಗಸರು ಎಂಬುದೊಂದು ಬಿಟ್ಟರೆ ಅವರನ್ನು ಒಂದೇ ದಾರಕ್ಕೆ ಪೋಣಿಸುವಂಥದ್ದು ಏನೂ ಅವನ ಕಣ್ಣಿಗೆ ಬೀಳಲಿಲ್ಲ. ಅವರಲ್ಲಿ ಇಬ್ಬರು ಕರಿಯೋಬನಹಟ್ಟಿಯವರು ಎಂಬುದು ಮಾತ್ರ ಸಂಜೆಯ ಹೊತ್ತಿಗೆ ಗೊತ್ತಾಯಿತು. ಉಳಿದ ಮೂವತ್ತೈದು ಜನ ಕಾಗದದ ಮೇಲೆ ಮಾತ್ರ ಕಾಣೆಯಾಗಿದ್ದರು. ಈ ಇಬ್ಬರ ಅಂಗಿಗಳು ಮೂರು ದಿನದಿಂದ ನಿಜಕ್ಕೂ ಸತ್ತಿದ್ದವು.

ಕೂಡಲೇ ಮೇಡಂಗೆ ಹೇಳಿದ. ಅವರು ಆ ಇಬ್ಬರನ್ನು ಸಂಖ್ಯೆ ಹಿಡಿದು ಕೈಯಿಂದಲೇ ಸೇರಿಸಲು ಆದೇಶ ಕೊಟ್ಟರು. ಆದರೆ ಹಂಸ ಓಡುತ್ತಿದ್ದ ಹಳ್ಳಿಗಳಲ್ಲಿ, ಕೈಯಿಂದ ಸೇರಿಸಿದ ಸಾಲನ್ನು ಹಂಸ ಮತ್ತೆ ಚೊಕ್ಕ ಮಾಡಿ ಎಸೆಯಿತು. ಎರಡು ಸಲ ಸೇರಿಸಿದರು, ಎರಡು ಸಲವೂ ಎಸೆಯಿತು. ಯಾಕೆಂದು ತಿಳಿಯದೆ ಏನು ಸರಿಮಾಡುವುದು? ಇಬ್ಬರಿಗಾಗಿ ಹನ್ನೊಂದು ಹಳ್ಳಿಗಳ ಪರೀಕ್ಷೆಯನ್ನೇ ನಿಲ್ಲಿಸುವುದನ್ನು ಆ ಸಂಜೆ ಯಾರೂ ಯೋಚಿಸಲಿಲ್ಲ.

ಮನೆಯಲ್ಲಿ ನಾಗವೇಣಿ ಹೊಲಿಗೆ ಯಂತ್ರದ ಮುಂದಿದ್ದಳು. ತಂಪಂಗಿ ಬೂದಿಬಣ್ಣದ್ದು, ನೋಡಲು ಅಂದವಿಲ್ಲ. ಹಳ್ಳಿಯ ಅಜ್ಜಿಯರು ಹೆಣದ ಬಟ್ಟೆ ಎಂದು ಮೂಗುಮುರಿದು ಗೂಟಕ್ಕೆ ನೇತುಹಾಕಿಬಿಡುತ್ತಿದ್ದರು. ಅದಕ್ಕೆ ನಾಗವೇಣಿ ಇಳಕಲ್ ರವಿಕೆಯ ಬಟ್ಟೆಯಲ್ಲಿ ಮೇಲುಹೊದಿಕೆ ಹೊಲಿದು, ಎದೆಯ ಮೇಲೆ ಅವರವರ ಹೆಸರನ್ನು ದಾರದಲ್ಲಿ ಬರೆದು ಕೊಡುತ್ತಿದ್ದಳು. ಸರ್ಕಾರದ ಪ್ರಚಾರದಿಂದ ಆಗದ ಕೆಲಸ ಅವಳ ಸೂಜಿಯಿಂದ ಆಗಿತ್ತು. ಗಂಡ ರೊಟ್ಟಿಯನ್ನು ಮುರಿಯುತ್ತ ಬಾಯಿಗೆ ಇಡದೆ ಕೂತದ್ದನ್ನು ನೋಡಿ ಏನೆಂದು ಕೇಳಿದಳು. ಅವನು ಎಲ್ಲ ಹೇಳಿದ.

"ಬೆಳಗಿಂದ ನಂಬರ್ ನೋಡ್ತಿದೀರಿ. ಮನುಷ್ಯರ ಮುಖ ನೋಡಿದ್ರೆ ಒಂದ್ ಗಳಿಗೆಲಿ ಗೊತ್ತಾಗ್ತಿತ್ತೇನೋ. ನಾಳೆ ಆ ಹಟ್ಟಿಗೆ ಹೊದಿಕೆ ಕೊಡಾಕೆ ಹೋಗ್ಬೇಕು ನಾನು, ನಡೀರಿ ನನ್ನ ಜೊತೆ" ಎಂದಳು.

ಮರುದಿನ ಹನ್ನೊಂದು ಗಂಟೆಗೆ ಕರಿಯೋಬನಹಟ್ಟಿಯಲ್ಲಿ ಬಿಸಿಲು ನೆಲದಿಂದಲೇ ಏಳುತ್ತಿತ್ತು. ಕಟ್ಟೆಯ ಮೇಲೆ ಹತ್ತಾರು ಮುದುಕರು ಎದೆಯಲ್ಲಿ ಹಸಿರು ದೀಪ ಹತ್ತಿಸಿಕೊಂಡು ಚೌಕಾಬಾರ ಆಡುತ್ತಿದ್ದರು. ಆಚೆ, ಹೊಂಗೆಮರದ ಬುಡದಲ್ಲಿ ಒಬ್ಬ ಅಜ್ಜಿ ತಲೆಯ ಮೇಲೆ ಒದ್ದೆ ಗೋಣಿಚೀಲ ಹಾಕಿಕೊಂಡು ಒಬ್ಬಳೇ ಕೂತಿದ್ದಳು. ಅವಳ ಅಂಗಿಯಲ್ಲಿ ದೀಪವಿರಲಿಲ್ಲ. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಓಬಳೇಶನಿಗೆ ನಾಚಿಕೆಯಾಯಿತು. ತಾನು ಮಾಡಿದ ತಪ್ಪಲ್ಲ ನಿಜ, ಆದರೂ ಕಣ್ಣೆತ್ತಿ ನೋಡಲು ಆಗಲಿಲ್ಲ.

ನಾಗವೇಣಿ ಚೀಲದಿಂದ ಮಜ್ಜಿಗೆಯ ಬಾಟಲಿ ತೆಗೆದು ಅಜ್ಜಿಯ ಕೈಗೆ ಲೋಟ ಕೊಟ್ಟಳು. ಹೊದಿಕೆಯ ಮೇಲೆ ಬರೆಯಲು ಹೆಸರು ಬೇಕಲ್ಲ, ಮಜ್ಜಿಗೆ ಬಗ್ಗಿಸುತ್ತಲೇ, "ನಿಮ್ಮ ಹೆಸ್ರೇನಜ್ಜಿ?" ಎಂದು ಕೇಳಿದಳು.

"ಸಾಕಮ್ಮ."

ನಾಗವೇಣಿ ಬಾಟಲಿ ನೆಟ್ಟಗೆ ಮಾಡಿದಳು. ಲೋಟದಲ್ಲಿ ಕಾಲುಭಾಗವೂ ತುಂಬಿರಲಿಲ್ಲ. ಅಜ್ಜಿ ಲೋಟ ನೋಡಿದಳು, ಇವಳ ಮುಖ ನೋಡಿದಳು.

"ಯಾಕಮ್ಮ ನಿಲ್ಲಿಸ್ದೆ? ಹುಯ್ಯಿ."

"ಸಾಕು ಅಂದ್ರಲ್ಲ ಅಜ್ಜಿ."

"ಅಯ್ಯೋ ನಮ್ಮವ್ವ, ಅದು ನನ್ನ ಹೆಸ್ರು ಕಣೇ. ಸಾಕಮ್ಮ ಅಂತ."

ನಾಗವೇಣಿ ನಾಲಿಗೆ ಕಚ್ಚಿಕೊಂಡು ಲೋಟದ ತುಂಬ ಬಗ್ಗಿಸಿದಳು. ಓಬಳೇಶ ಅಲ್ಲೇ ಮರಕ್ಕೆ ಒರಗಿಬಿಟ್ಟ. ಅವನಿಗೆ ಎಲ್ಲವೂ ಒಟ್ಟಿಗೆ ಹೊಳೆದಿತ್ತು. ಹಂಸ ಹತ್ತು ವರ್ಷದ ಮಾತು ಕೇಳಿ ಕನ್ನಡ ಕಲಿತಿತ್ತು. ಕಾರ್ಯಕರ್ತೆ ಪ್ರಶ್ನೆ ಕೇಳಿ ಕೇಳಿ ಬೇಸರವಾದಾಗ ಪ್ರತಿಯೊಬ್ಬ ಮುದುಕನೂ ಮುದುಕಿಯೂ ಕೊನೆಗೆ ಹೇಳುವುದು ಒಂದೇ ಮಾತು, ಸಾಕಮ್ಮ, ಎಷ್ಟು ಬರಕೊಳ್ತೀಯ. ಲಕ್ಷಾಂತರ ಸಲ ಕೇಳಿದ ಮೇಲೆ ಹಂಸ ಒಂದು ಪಾಠ ಕಲಿತಿತ್ತು: 'ಸಾಕಮ್ಮ' ಎಂದರೆ ದಾಖಲೆ ಮುಗಿಯಿತು. ಅದಕ್ಕಿಂತ ಮುಂಚಿನದನ್ನು ಇಟ್ಟುಕೊಳ್ಳಬೇಕು, ಆಮೇಲಿನದನ್ನು ಬಿಡಬೇಕು. ದಾಖಲೆ ಶುರುವಾಗುವುದು ಹೆಸರಿನಿಂದ. ಹೆಸರೇ ಸಾಕಮ್ಮ ಆದರೆ ಅದಕ್ಕಿಂತ ಮುಂಚೆ ಏನಿರುತ್ತದೆ? ಏನೂ ಇಲ್ಲ. ಖಾಲಿ.

ಅಂಗಿ ಕೆಟ್ಟಿದೆಯೆಂದು ಯಾರಿಗೂ ಹೇಳಲಿಲ್ಲವೇ ಎಂದು ಕೇಳಿದಾಗ ಅಜ್ಜಿ, ಸಹಾಯವಾಣಿಗೆ ನಾಲ್ಕು ಸಲ ಫೋನು ಮಾಡಿಸಿದ್ದಾಗಿ ಹೇಳಿದಳು. ಅದನ್ನೂ ಸೋಮವಾರದಿಂದ ಹಂಸವೇ ನಡೆಸುತ್ತಿತ್ತು. ನಿಮ್ಮ ಹೆಸರು ಹೇಳಿ ಎನ್ನುತ್ತಿತ್ತಂತೆ, ಇವಳು ಹೇಳುತ್ತಿದ್ದಳಂತೆ, ಅದು ಧನ್ಯವಾದಗಳು ಎಂದು ಇಟ್ಟುಬಿಡುತ್ತಿತ್ತಂತೆ. ಬಲು ಮರ್ಯಾದಸ್ಥ ಹೆಂಗಸು ಎಂದು ಅಜ್ಜಿ ಅದನ್ನು ಹೊಗಳಿದಳು ಬೇರೆ. ಆಚೆ ಬೀದಿಯಲ್ಲಿ ಇನ್ನೊಬ್ಬ ಸಾಕಮ್ಮ ಇದ್ದಾಳೆ, ಅವಳಿಗೆ ಬೆಳಗಿನಿಂದ ವಾಂತಿ ಎಂದೂ ಹೇಳಿದಳು.

ಓಬಳೇಶ ಓಡಿದ. ಆ ಇನ್ನೊಬ್ಬ ಸಾಕಮ್ಮ ಚಾಪೆಯ ಮೇಲೆ ಅರೆಪ್ರಜ್ಞೆಯಲ್ಲಿ ಬಿದ್ದಿದ್ದಳು, ಸೊಸೆ ಗಾಳಿ ಬೀಸುತ್ತ ಅಳುತ್ತಿದ್ದಳು. ತಾವು ಬಂದಿದ್ದ ಕೇಂದ್ರದ ಜೀಪಿನಲ್ಲಿ ಅವಳನ್ನು ಆಸ್ಪತ್ರೆಗೆ ಸಾಗಿಸಿ, ದಾರಿಯಿಂದಲೇ ಫೋನು ಮಾಡಿ ಹನ್ನೊಂದು ಹಳ್ಳಿಗಳನ್ನೂ ಹಳೆಯ ಪಟ್ಟಿಗೆ ತಿರುಗಿಸುವಂತೆ ಮಾಡಿದ. ಇನ್ನರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಸಂಜೆ ಕೇಂದ್ರದಲ್ಲಿ ಚಿನ್ಮಯ ವಿಷಯ ಕೇಳಿ ಬಿಳಿಚಿಕೊಂಡ. ಆ ಒಂದು ಪಾಠ ಮರೆಸಿದರೆ ಹಂಸಕ್ಕೆ ಒಂದು ದಾಖಲೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ, ಹೊಸದಾಗಿ ಕಲಿಸಲು ಹತ್ತು ತಿಂಗಳು ಬೇಕು, ಬೇಸಿಗೆ ನಿಲ್ಲುವುದಿಲ್ಲ. ಅವನಿಗೆ ತೋಚಿದ ಉಪಾಯ ಸುಲಭದ್ದಾಗಿತ್ತು. ಮೂವತ್ತೇಳು ಜನರ ಹೆಸರನ್ನು ದಾಖಲೆಯಲ್ಲಿ ಬದಲಿಸಿದರಾಯಿತು. ಸರೋಜಮ್ಮ, ಶಾಂತಮ್ಮ, ಯಾವುದಾದರೂ. ಮನೆಯಲ್ಲಿ ಏನು ಬೇಕಾದರೂ ಕರೆದುಕೊಳ್ಳಲಿ.

ಫರೀದಾ ಮೇಡಂ ಮನಸ್ಸಿನಲ್ಲಿ ಹೋದ ವರ್ಷದ ಹತ್ತೊಂಬತ್ತು ಮನೆಗಳಿದ್ದವು. ಪಟ್ಟಿ ಇಪ್ಪತ್ತು ನಿಮಿಷ ತಡವಾದರೆ ಎರಡು ಲಕ್ಷ ಮುದುಕರು ದಿನಾ ಇಪ್ಪತ್ತು ನಿಮಿಷ ಬೇಯಬೇಕು, ಎಂಟು ಗಂಟೆಯ ಬಿಸಿಲೇನು ಕಡಿಮೆಯಲ್ಲ. ಮೂವತ್ತೇಳು ಸಹಿಯಿಂದ ಅದು ತಪ್ಪುವುದಾದರೆ ತಪ್ಪಲಿ ಎಂದರು. ಓಬಳೇಶನನ್ನೇ ಕರೆದು, ಮೊದಲು ಕರಿಯೋಬನಹಟ್ಟಿಯ ಅಜ್ಜಿಯನ್ನು ಒಪ್ಪಿಸಿ ಹೆಬ್ಬೆಟ್ಟು ತೆಗೆದುಕೊಂಡು ಬಾ, ನಾಳೆ ಸಭೆಯಲ್ಲಿ ಅದನ್ನಿಟ್ಟು ಹಂಸವನ್ನೇ ಆರಿಸೋಣ ಎಂದು ಹೇಳಿದರು. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಗುತ್ತದೆ ಮೇಡಂ ಎಂದ ಓಬಳೇಶ. ತಡವಾಗದ ಬೇರೆ ದಾರಿಯಿದ್ದರೆ ನೀನೇ ತೋರಿಸು ಎಂದರು. ಅವನು ಕಾಗದ ಎತ್ತಿಕೊಂಡು ಹೊರಟ.

ಶುಕ್ರವಾರ ಬೆಳಿಗ್ಗೆ ಅವನು ಕಾಗದ ಹಿಡಿದು ಅಜ್ಜಿಯ ಮುಂದೆ ಕೂತ. ಹಳೆಯ ಪಟ್ಟಿಯಿಂದ ಅವಳ ದೀಪ ಹತ್ತಿತ್ತು, ಮುಖದಲ್ಲಿ ಕಳೆ ಬಂದಿತ್ತು. ಯಂತ್ರಕ್ಕೆ ನಿಮ್ಮ ಹೆಸರು ಅರ್ಥವಾಗುತ್ತಿಲ್ಲ, ಬದಲಿಸಿಕೊಂಡರೆ ಎಲ್ಲರಿಗೂ ಅನುಕೂಲ ಎಂದು ತೊದಲುತ್ತ ಹೇಳಿದ. ಅಜ್ಜಿ ಕೇಳಿಸಿಕೊಂಡಳು.

"ನಾನು ಆರನೇದು ಕಣಪ್ಪ, ಆರೂ ಹೆಣ್ಣೇ. ನಮ್ಮಪ್ಪ ಸಾಕು ಅಂದ. ಅದೇ ಹೆಸ್ರಾತು. ಸಣ್ಣೋಳಿದ್ದಾಗ ಅಳು ಬರೋದು. ಆಮ್ಯಾಲೆ ಅಕ್ಕ ಸತ್ಲು, ಅವಳ ಮೂರು ಮಕ್ಕಳ್ನ ನಾನೇ ಸಾಕಿದೆ. ಅದ್ರಾಗೊಂದು, ಸಾಕಿದೋಳೇ ಸಾಕಮ್ಮ ಅಂತು. ಅವತ್ತಿಂದ ಈ ಹೆಸ್ರು ನಂದು." ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋಗ್ಲಿ ಬಿಡು. ನಮ್ಮಂಥ ಮುದುಕರಿಗೆ ತೊಂದ್ರೆ ಆಗ್ತದೆ ಅಂದ್ರೆ ಏನಾದ್ರೂ ಬರ್ಕೋ. ಎಲ್ಲಿ ಒತ್ಬೇಕು?"

ಎಡಗೈ ಹೆಬ್ಬೆಟ್ಟು ಮುಂದೆ ಚಾಚಿದಳು. ಓಬಳೇಶ ಶಾಯಿಯ ಡಬ್ಬಿ ತೆರೆದ. ಅವಳು ಬೇಡ ಎಂದಿದ್ದರೆ ವಾದ ಮಾಡುತ್ತಿದ್ದನೇನೋ. ಇಷ್ಟು ಸಲೀಸಾಗಿ ಬಿಟ್ಟುಕೊಟ್ಟಳಲ್ಲ, ಅದನ್ನು ಅವನಿಂದ ತಡೆದುಕೊಳ್ಳಲು ಆಗಲಿಲ್ಲ. ಡಬ್ಬಿ ಮುಚ್ಚಿ, ಕಾಗದ ಮಡಚಿ ಜೇಬಿಗಿಟ್ಟುಕೊಂಡು, ಬರುತ್ತೇನೆ ಅಜ್ಜಿ ಎಂದು ಎದ್ದ.

ಸಭೆಯಲ್ಲಿ ಖಾಲಿ ಕಾಗದ ಮೇಜಿನ ಮೇಲಿಟ್ಟ. ಅವಳು ಒಪ್ಪಿದಳು, ನಾನು ಒತ್ತಿಸಿಕೊಳ್ಳಲಿಲ್ಲ ಎಂದ. ಫರೀದಾ ಮೇಡಂಗೆ ಸಿಟ್ಟು ಬಂತು. ಅವನು ಮಾತು ನಿಲ್ಲಿಸಲಿಲ್ಲ. ಈ ಮೂವತ್ತೇಳು ಸಿಕ್ಕಿದ್ದು ಹಳೆಯ ಪಟ್ಟಿ ಇನ್ನೂ ಉಸಿರಾಡುತ್ತಿದೆ ಎಂಬ ಕಾರಣಕ್ಕೆ. ಮುಂದಿನ ತಿಂಗಳು ಅದನ್ನು ನಿಲ್ಲಿಸಿಬಿಟ್ಟ ಮೇಲೆ ತಾಳೆ ನೋಡಲು ಏನೂ ಇರುವುದಿಲ್ಲ. ಹಂಸ ನಾಳೆ ಇನ್ಯಾವುದೋ ಮಾತನ್ನು ಹೀಗೇ ಕಲಿಯುತ್ತದೆ, ಇನ್ಯಾರೋ ಖಾಲಿಯಾಗುತ್ತಾರೆ, ಫೋನು ಮಾಡಿದರೆ ಧನ್ಯವಾದ ಹೇಳುತ್ತದೆ. ಆಗ ಇಲ್ಲದವರು ಇಲ್ಲ ಎಂದು ಯಾರಿಗೆ ಗೊತ್ತಾಗಬೇಕು?

"ಸಾಕು ಓಬಳೇಶ್" ಎಂದರು ಮೇಡಂ.

ಹೇಳಿದ ಮೇಲೆ ಆ ಮಾತು ಅವರಿಗೇ ಕೇಳಿಸಿತು. ಮೇಡಂ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಮೇಲೆ ಹಂಸದ ಕಡತವನ್ನು ಚಿನ್ಮಯನ ಕಡೆ ಸರಿಸಿ, ಹತ್ತು ತಿಂಗಳು ಕಲಿಸಿಕೊಂಡು ಬಾ ನೋಡೋಣ ಎಂದರು. ದರ್ಪಣದ ಕಡತಕ್ಕೆ ರುಜು ಹಾಕಿದರು. ತಡವಾಗುವ ಇಪ್ಪತ್ತು ನಿಮಿಷಕ್ಕೆ ಕಾರಣ ಏನೆಂದು ಜನರಿಂದ ಮುಚ್ಚಿಡಬಾರದು ಎಂದು, ಊರೂರಿನ ಧ್ವನಿವರ್ಧಕಕ್ಕೆ ಕಳಿಸುವ ಪ್ರಕಟಣೆಯನ್ನು ತಾವೇ ಕೂತು ಬರೆದರು.

ಹತ್ತು ದಿನ ಕಳೆದು ದರ್ಪಣದ ಮೊದಲ ಪಟ್ಟಿ ಹೊರಡುವ ಬೆಳಿಗ್ಗೆ ಓಬಳೇಶ ಕೇಂದ್ರದಲ್ಲಿರಲಿಲ್ಲ. ಕರಿಯೋಬನಹಟ್ಟಿಯ ಕಟ್ಟೆಯ ಮೇಲೆ ಸಾಕಮ್ಮನ ಪಕ್ಕ ಕೂತಿದ್ದ. ಆಸ್ಪತ್ರೆಯಿಂದ ಬಂದಿದ್ದ ಇನ್ನೊಬ್ಬ ಸಾಕಮ್ಮ ಸೊಸೆಯ ಭುಜಕ್ಕೆ ಒರಗಿದ್ದಳು. ಎಂಟು ಹೊಡೆಯಿತು, ಯಾರ ದೀಪವೂ ಹತ್ತಲಿಲ್ಲ. ಬಿಸಿಲು ಆಗಲೇ ಕಟ್ಟೆಗೆ ಏರಿತ್ತು. ಗೊಣಗಾಟ ಶುರುವಾಯಿತು, ಸರ್ಕಾರದ ಕೆಲಸ ಇಷ್ಟೇ ಎಂದರು. ಆಗ ಕಂಬದ ಮೇಲಿನ ಧ್ವನಿವರ್ಧಕ ಮಾತಾಡಿತು. ಹಿಂದಿನ ಪರೀಕ್ಷೆಯಲ್ಲಿ ಮೂವತ್ತೇಳು ಹೆಂಗಸರು ಪಟ್ಟಿಯಿಂದ ಬಿಟ್ಟುಹೋಗಿದ್ದರು. ಅವರನ್ನು ಬಿಡದೆ ಕರೆದುಕೊಂಡು ಬರಲು ಇನ್ನು ಮುಂದೆ ದಿನಾ ಇಪ್ಪತ್ತು ನಿಮಿಷ ಬೇಕಾಗುತ್ತದೆ. ದಯವಿಟ್ಟು ಕಾಯಿರಿ.

ಗೊಣಗಾಟ ತಗ್ಗಿತು. ಯಾರೋ ಚೌಕಾಬಾರದ ಕವಡೆ ತೆಗೆದರು, ಯಾರೋ ಎಲೆಯಡಿಕೆ ಚೀಲ ಬಿಚ್ಚಿದರು. ಸಾಕಮ್ಮ ಓಬಳೇಶನ ಕಡೆ ಬಾಗಿ, ಮೂವತ್ತೇಳು ಅಂದರೆ ಯಾರು ಎಂದು ಮೆಲ್ಲಗೆ ಕೇಳಿದಳು. ಅವನು ಹೇಳಿದ.

"ಈ ಊರೋರೆಲ್ಲ ನನಗೋಸ್ಕರ ಕಾಯ್ತಾವ್ರಾ?"

"ಜಿಲ್ಲೆ ಪೂರ್ತಿ ಅಜ್ಜಿ. ಎರಡು ಲಕ್ಷದ ಮೇಲೆ ಜನ."

ಅಜ್ಜಿ ಸೆರಗನ್ನು ಹೆಗಲ ಮೇಲೆ ನೆಟ್ಟಗೆ ಎಳೆದುಕೊಂಡಳು.

"ನಮ್ಮವ್ವ ನನ್ನ ಹಡಿಯೋವಾಗ ನೆಂಟ್ರೆಲ್ಲ ಬಾಗ್ಲಾಗೆ ಕಾಯ್ಕಂಡು ಕೂತಿದ್ರಂತೆ, ಈ ಸಲ ಗಂಡೇ ಅಂತ. ಸೂಲಗಿತ್ತಿ ಹೊರಗೆ ಬಂದು ಹೇಳಿದ್ಮ್ಯಾಲೆ ಒಬ್ರೂ ಒಳಗೆ ಬಂದು ಮುಖ ನೋಡ್ಲಿಲ್ಲವಂತೆ. ಎದ್ದು ಹೋದ್ರಂತೆ."

ಅಜ್ಜಿ ಕಟ್ಟೆಯ ಮೇಲೆ ಕೂತ ಒಬ್ಬೊಬ್ಬರನ್ನೂ ಎಣಿಸುವ ಹಾಗೆ ನೋಡತೊಡಗಿದಳು. ಬಿಸಿಲು ಏರುತ್ತಲೇ ಇತ್ತು, ಹಣೆಗಳಲ್ಲಿ ಬೆವರು ಇಳಿಯುತ್ತಿತ್ತು. ಎಂಟು ಇಪ್ಪತ್ತಾಗಿ ಎಲ್ಲರ ಎದೆಯಲ್ಲೂ ದೀಪ ಹತ್ತುವವರೆಗೆ ಕಟ್ಟೆಯಿಂದ ಒಬ್ಬರೂ ಎದ್ದು ಹೋಗಲಿಲ್ಲ.